ಒಂದು ಮಳೆ, ನಾಲ್ಕು ದಾರಿ

"ಮೂರು ದಿನದ ರಜೆ ಸಿಕ್ಕಿದೆ. ಮಕ್ಕಳನ್ನು ಕರೆದುಕೊಂಡು ಚಿಕ್ಕಮಗಳೂರಿನ ಕಡೆಗೆ ಹೊರಟಿದ್ದೇವೆ. ನೋಡತಕ್ಕ ಸ್ಥಳಗಳ ಪಟ್ಟಿಯೊಂದನ್ನು ದಯಮಾಡಿ ಕೊಡಿ" ಎಂದು ವಾಚಕರೊಬ್ಬರು ಬರೆದಿದ್ದಾರೆ. ಪಟ್ಟಿ ಕೊಡುವುದು ಕಷ್ಟದ ಮಾತಲ್ಲ. ಆದರೆ ಹೋದ ಕಾರ್ತಿಕದಲ್ಲಿ ಅಂಥದೇ ಒಂದು ಪಟ್ಟಿಯನ್ನು ಕಿಸೆಯಲ್ಲಿಟ್ಟುಕೊಂಡು ಹೊರಟ ನಾವು, ಅದರಲ್ಲಿ ಅರ್ಧವನ್ನೂ ಮುಗಿಸದೆ ಮರಳಿ ಬಂದೆವು. ಹಾಗಿದ್ದೂ ಆ ಸೀಮೆಯನ್ನು ಅಷ್ಟು ಚೆನ್ನಾಗಿ ನಾನು ಹಿಂದೆಂದೂ ನೋಡಿರಲಿಲ್ಲ. ಆ ವೃತ್ತಾಂತವನ್ನೇ ಅವರಿಗೆ ಉತ್ತರವಾಗಿ ಬರೆಯುತ್ತಿದ್ದೇನೆ.

ಹೊರಟವರು ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಮತ್ತು ನಾನು. ಭಾವನವರು ಲೆಕ್ಕಪತ್ರದಲ್ಲೇ ತಲೆ ಹಣ್ಣು ಮಾಡಿಕೊಂಡವರು. ಪ್ರವಾಸವೂ ಅವರಿಗೊಂದು ಲೆಕ್ಕವೇ. ಅವರ ಪಟ್ಟಿಯಲ್ಲಿ ಹದಿನಾಲ್ಕು ಹೆಸರುಗಳಿದ್ದುವು. ಒಂದೊಂದರ ಎದುರಿಗೂ ಸೇರುವ ಗಂಟೆ, ಬಿಡುವ ಗಂಟೆ. ಕಡೂರಿನಲ್ಲಿ ಇಳಿದು, 2013ರಲ್ಲಿ ತೆರೆದ ಚಿಕ್ಕಮಗಳೂರಿನ ರೈಲುದಾರಿಯನ್ನು ಹಿಡಿದೆವು. ಸಖರಾಯಪಟ್ಟಣದಲ್ಲಿ ನಮ್ಮ ಸೋದರಮಾವ ಹತ್ತಿಕೊಂಡರು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಒಂದು ತಾಮ್ರದ ತಂಬಿಗೆ.

ಮಾವನಿಗೆ ಎಪ್ಪತ್ತೆಂಟು ವರ್ಷ. ಅಯ್ಯನಕೆರೆಯ ನೀರನ್ನು ನಂಬಿಕೊಂಡ ತೆಂಗಿನ ತೋಟ ಅವರದು. ಹುಟ್ಟಿದಂದಿನಿಂದ ಪಡುವಣ ದಿಕ್ಕಿಗೆ ಆ ಬೆಟ್ಟದ ಸಾಲನ್ನು ನೋಡಿಕೊಂಡೇ ಬೆಳೆದವರು. ಬೆಟ್ಟದ ತಲೆಗೆ ಮೋಡ ಕಟ್ಟಿತೆಂದರೆ ಅವರ ಮನೆಯಲ್ಲಿ ನೇಗಿಲಿನ ಮಾತು ಬರುತ್ತಿತ್ತು. ಆದರೆ ಒಂದು ಸಾರಿಯಾದರೂ ಅದನ್ನು ಹತ್ತಿದವರಲ್ಲ. "ಈಗೇನು ಮನಸ್ಸಾಯಿತು ಮಾವ?" ಎಂದು ಕೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತ, "ನಿನ್ನ ತಮ್ಮ ಅಲ್ಲಿ ಮೇಲೆ ಒಂದು ಎಕರೆ ಇಳಿಜಾರು ಗೊತ್ತುಮಾಡಿದ್ದಾನೆ. ತೋಟವನ್ನು ಮಾರಿ ಅಲ್ಲಿ ಪ್ರವಾಸಿಗಳಿಗೆ ಮನೆ ಕಟ್ಟುತ್ತಾನಂತೆ. ನೋಡಿ ಒಪ್ಪಿಗೆ ಕೊಡು ಅಂದ. ನೋಡಿಬರೋಣ ಅಂತ ಹೊರಟೆ" ಎಂದರು.

ತಮ್ಮನನ್ನು ತಪ್ಪೆನ್ನುವಂತಿರಲಿಲ್ಲ. ಬರದ ವರ್ಷಗಳಲ್ಲಿ ಮಾವನ ತೋಟದಲ್ಲಿ ನೂರಕ್ಕೂ ಮಿಕ್ಕಿದ ತೆಂಗಿನ ಮರಗಳು ಸುಳಿ ಒಣಗಿ ನಿಂತಿದ್ದುವು. ಕೊಳವೆಬಾವಿಗೆ ಸುರಿದ ಹಣ ನೀರಾಗಿ ಮೇಲೆ ಬರಲಿಲ್ಲ. ಬೆಟ್ಟದ ಮೇಲಾದರೋ ಶನಿವಾರ ಭಾನುವಾರಗಳಲ್ಲಿ ಒಂದು ಕೋಣೆ ಸಿಕ್ಕುವುದೂ ದುರ್ಲಭ.

ಊರಿನಲ್ಲಿ ತಂಗಿದ್ದು, ಮರುದಿನ ನಸುಕಿನಲ್ಲಿ ಬಾಡಿಗೆಯ ಗಾಡಿಯೊಂದರಲ್ಲಿ ಮುಳ್ಳಯ್ಯನಗಿರಿಗೆ ಹೊರಟೆವು. ಸುಮಾರು 20 ಕಿಲೋಮೀಟರಿನ ದಾರಿ. ಗಿರಿಗೆ ಹೋಗುವ ವಾಹನಗಳು ಮುಂಚಿತವಾಗಿ ಹೆಸರು ಬರೆಸಬೇಕು, ಒಂದು ಹೊತ್ತಿಗೆ ಇಂತಿಷ್ಟೇ ವಾಹನ ಎಂಬ ಏರ್ಪಾಡು 2025ರಿಂದ ಬಂದಿದೆ. "ಬೆಟ್ಟ ನೋಡುವುದಕ್ಕೂ ಅಪ್ಪಣೆಯೇ?" ಎಂದು ಭಾವ ಗೊಣಗಿದರು. ಮಾವ, "ದೇವಸ್ಥಾನದಲ್ಲಿ ಸಾಲು ನಿಲ್ಲುವುದಿಲ್ಲವೆ ಅಳಿಯಂದಿರೇ?" ಎಂದರು.

ಮೊದಲು ಕಾಫಿಯ ತೋಟಗಳು. ನಮ್ಮ ನಾಡಿನಲ್ಲಿ ಕಾಫಿ ಬೆಳೆಯುವುದು ನೆರಳಿನ ಕೆಳಗೆ. ಕೆಳಗೆ ಹಾಲವಾಣ, ಅದರ ಮೇಲೆ ಸಿಲ್ವರ್ ಓಕು, ಅತ್ತಿ, ಹಲಸು. ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಕಾಯಿಗಳು ಹಸಿರು ಬಿಟ್ಟು ಕೆಂಪಿಗೆ ತಿರುಗುತ್ತಿದ್ದುವು. ಇನ್ನು ಕೆಲವು ದಿನಗಳಲ್ಲಿ ಅರೇಬಿಕಾ ಹಣ್ಣಿನ ಕೊಯ್ಲು. ಮುಂದೆ ಒಂದು ತಿರುವಿನಲ್ಲಿ ಮರಗಳೆಲ್ಲ ಹಿಂದೆ ಸರಿದು, ಬರಿಯ ಹುಲ್ಲಿನ ಬೆಟ್ಟಗಳು ಎದುರಾದುವು. ಗಾಳಿಯೋ ಗಾಳಿ! ಗಾಡಿ ನಿಲ್ಲುವಲ್ಲಿಂದ ಮುಂದೆ ಕೆಲವು ನೂರು ಮೆಟ್ಟಿಲು. ಮಾವ ಹತ್ತು ಮೆಟ್ಟಿಲಿಗೊಮ್ಮೆ ಕುಳಿತು, ತಂಬಿಗೆಯನ್ನು ಮಾತ್ರ ಯಾರ ಕೈಗೂ ಕೊಡದೆ, ಹತ್ತಿಯೇ ಬಿಟ್ಟರು. 1,900 ಮೀಟರಿಗೂ ಮಿಕ್ಕ ಎತ್ತರದ ಈ ಶಿಖರ ಇಡೀ ಕರ್ನಾಟಕದಲ್ಲೇ ಅತ್ಯುನ್ನತವಾದುದು. ತುದಿಯಲ್ಲಿ ಮುಳ್ಳಯ್ಯಸ್ವಾಮಿಯ ಪುಟ್ಟ ಗುಡಿ.

ಮಂಜು ಹರಿಯಲು ಅರ್ಧ ಗಂಟೆ ಹಿಡಿಯಿತು. ಹರಿದಾಗ ಮೂಡಣ ದಿಕ್ಕಿನ ಬಯಲು ಕಾಣಿಸಿತು. ದೂರದಲ್ಲಿ ಕೆರೆಗಳು ತುಂಡು ತುಂಡಾಗಿ ಮಿನುಗುತ್ತಿದ್ದುವು. ಮಾವ ಅವುಗಳಲ್ಲಿ ಒಂದನ್ನು ಬೆರಳಿಟ್ಟು ತೋರಿಸಿ, "ಅಗೋ, ನಮ್ಮ ಕೆರೆ" ಎಂದರು. ಅದು ಅಯ್ಯನಕೆರೆಯೋ ಬೇರೊಂದೋ ನನಗೆ ತಿಳಿಯದು. ಬೇಡವೆನ್ನುವ ಮನಸ್ಸು ಯಾರಿಗೂ ಬರಲಿಲ್ಲ.

ಬಿದಿಗೆಯ ಚಂದ್ರನಂತೆ ಬಾಗಿರುವುದರಿಂದ ಈ ಶ್ರೇಣಿಗೆ ಚಂದ್ರದ್ರೋಣವೆಂದು ಹೆಸರು. ಇದರ ಹೊರಮೈಗೆ, ಮೂಡಲಿಗೆ ಬಿದ್ದ ಮಳೆ ವೇದಾ, ಆವತಿ ಎಂಬ ಎರಡು ಹಳ್ಳಗಳಾಗಿ ಇಳಿದು, ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹಿರಿಯೂರಿನ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣೀವಿಲಾಸ ಸಾಗರವನ್ನು ಸೇರುತ್ತದೆ. ತುಸು ತೆಂಕಲಿಗೆ ಬಿದ್ದದ್ದು ಯಗಚಿಯಾಗಿ ಬೇಲೂರನ್ನು ಹಾದು, ಹೇಮಾವತಿಯನ್ನು ಕೂಡಿ ಕಾವೇರಿಯ ಪಾಲಾಗುತ್ತದೆ. ಬಾಗಿನ ಒಳಗೆ, ಜಾಗರದ ಕಣಿವೆಗೆ ಬಿದ್ದದ್ದು ಭದ್ರೆಗೆ. ಒಂದೇ ಮೋಡ, ಆದರೆ ಯಾವ ಹನಿಯನ್ನು ಗಾಳಿ ಯಾವ ಕಡೆಗೆ ತಳ್ಳಿತೆಂಬುದರ ಮೇಲೆ ಅದರ ಊರು, ನದಿ, ಅನ್ನ ಎಲ್ಲವೂ ನಿಂತಿದೆ.

"ಅದೆಲ್ಲ ಸರಿ. ಇಲ್ಲಿ ಕೆರೆಯೂ ಇಲ್ಲ, ಕಟ್ಟೆಯೂ ಇಲ್ಲ. ಆಷಾಢದಲ್ಲಿ ಬಿದ್ದ ನೀರನ್ನು ಪುಷ್ಯದವರೆಗೆ ಇಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ನಮಗೆ ಬಡಿಸುವವರು ಯಾರು?" ಎಂದು ಮಾವ ಕೇಳಿದರು.

ಇದೇ ಈ ಸೀಮೆಯ ಮುಖ್ಯ ಪ್ರಶ್ನೆಯೆಂದು ನನಗೆ ತೋರುತ್ತದೆ. ಮಸ್ಸೂರಿಗೋ ನೈನಿತಾಲಿಗೋ ಹೋದವರು ದೂರದ ಹಿಮದ ಶಿಖರಗಳನ್ನು ನೋಡಿ ಹಿಗ್ಗಿ ಬರುತ್ತಾರೆ. ಆ ಹಿಮವು ಬೇಸಿಗೆಯಲ್ಲಿ ಕರಗಿ ಗಂಗೆ ಯಮುನೆಗಳನ್ನು ಸಲಹುತ್ತದೆ. ನಮ್ಮ ಬೆಟ್ಟಗಳಿಗೆ ಹಿಮವಿಲ್ಲ. ಆ ಕೆಲಸವನ್ನು ಇಲ್ಲಿ ಹುಲ್ಲು ಮಾಡುತ್ತದೆ. ಮೇಲೆ ಹುಲ್ಲು, ಬೆಟ್ಟದ ಮಡಿಕೆಗಳಲ್ಲಿ ಶೋಲಾ ಎಂದು ಕರೆಯುವ ಗಿಡ್ಡಮರಗಳ ಕಾಡು. ಹುಲ್ಲಿನ ದಟ್ಟವಾದ ಬೇರು ಮಳೆಯ ಏಟನ್ನು ತಡೆದು ನೀರನ್ನು ಮಣ್ಣಿಗಿಳಿಸುತ್ತದೆ. ಶೋಲಾದ ತರಗೆಲೆ, ಹಾವಸೆಗಳು ಅದನ್ನು ಹೀರಿ ತೊಟ್ಟುತೊಟ್ಟಾಗಿ ಬಿಡುತ್ತವೆ. ನೋಡುವವನಿಗೆ ಬೋಳುಗುಡ್ಡ, ವಾಸ್ತವವಾಗಿ ಅದೊಂದು ತುಂಬಿದ ಕೆರೆ. 2022ರಲ್ಲಿ ಈ ಇಳಿಜಾರುಗಳಲ್ಲಿ ಕುರಿಂಜಿ ಅರಳಿ ಬೆಟ್ಟ ನೀಲಿಯಾದಾಗ ಜನ ಜಾತ್ರೆಯಾಗಿ ಬಂದರು. ಹೂವಿಲ್ಲದ ವರ್ಷಗಳಲ್ಲಿ ಅದೇ ಇಳಿಜಾರು ಮಾಡುವ ಕೆಲಸವನ್ನು ನೋಡಲು ಯಾರೂ ಬರುವುದಿಲ್ಲ.

ಮಾವ ಹುಲ್ಲಿನ ಬುಡಕ್ಕೆ ಕೈಹಾಕಿದರು. ಮಳೆ ನಿಂತು ದಿನಗಳಾಗಿದ್ದರೂ ಬೆರಳು ಒದ್ದೆಯಾಯಿತು. ಪಕ್ಕದಲ್ಲೇ ಗಾಡಿಯ ಚಕ್ರಗಳು ಹುಲ್ಲನ್ನು ಸುಲಿದು ಕೆಂಪು ಗೀರು ಎಳೆದಿದ್ದುವು. ಆ ಗೀರು ಒಣಗಿ ಗಟ್ಟಿಯಾಗಿತ್ತು. ಅದರಲ್ಲಿ ಬಿದ್ದಿದ್ದ ಒಂದು ಪ್ಲಾಸ್ಟಿಕ್ ಸೀಸೆಯನ್ನು ಮಾವ ಎತ್ತಿ ಚೀಲಕ್ಕೆ ಹಾಕಿಕೊಂಡರು. "ಇಲ್ಲಿ ಬಿಟ್ಟರೆ ನಮ್ಮ ತೂಬಿಗೇ ಬರುವ ಸಾಮಾನು" ಎಂದರು. ಮಕ್ಕಳಿಗೆ ಅದು ಆಟವಾಯಿತು; ಇಳಿಯುವ ಹೊತ್ತಿಗೆ ಚೀಲ ತುಂಬಿತು.

ಮಧ್ಯಾಹ್ನ ಬಾಬಾಬುಡನ್‌ಗಿರಿ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಯೆಮನ್ ದೇಶದ ಮೋಖಾದಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ಬಿತ್ತಿದರೆಂಬುದು ಪ್ರತೀತಿ. ದತ್ತಾತ್ರೇಯರ ಹೆಸರಿನಲ್ಲಿಯೂ ಬಾಬಾರ ಹೆಸರಿನಲ್ಲಿಯೂ ಹಿಂದೂ ಮುಸಲ್ಮಾನ ಭಕ್ತರು ಈ ಗುಹೆಗೆ ನಡೆದುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಮಾಣಿಕ್ಯಧಾರೆ. ಬಂಡೆಯ ಮೇಲಿಂದ ಮಣಿಮಣಿಯಾಗಿ ಉದುರುವ ನೀರು. ಮಿಂದವರು ಬಟ್ಟೆಯನ್ನು ಅಲ್ಲೇ ಬಿಟ್ಟುಬರುವ ವಾಡಿಕೆಯಿಂದ ಆ ಪುಣ್ಯಜಲದ ಬದಿಯಲ್ಲಿ ಹಳೆಯ ಬಟ್ಟೆಗಳ ರಾಶಿ ಬಿದ್ದದ್ದುಂಟು. ಪಾಪ ಕಳೆಯುವ ನೀರಿಗೆ ಕೊಳೆಯನ್ನು ಕೊಡುವುದು ಯಾವ ಧರ್ಮವೋ! ಮಾವ ತಂಬಿಗೆಯನ್ನು ತುಂಬಿಕೊಂಡರು.

ಸಂಜೆ ಇಳಿಯುವಾಗ ತಮ್ಮ ಬಂದು ಕೂಡಿಕೊಂಡ. ಆ ಒಂದೆಕರೆಗೆ ಕರೆದೊಯ್ದ. ಸೊಗಸಾದ ಜಾಗ. ಎದುರಿಗೆ ಕಣಿವೆ, ಹಿಂದೆ ಶೋಲಾ. ಪಕ್ಕದ ನೆಲದಲ್ಲಿ ಆಗಲೇ ಯಂತ್ರವೊಂದು ಬೆಟ್ಟವನ್ನು ಮೆಟ್ಟಿಲಿನಂತೆ ಕಡಿದು ಸಮಮಾಡುತ್ತಿತ್ತು. "ಇಲ್ಲಿ ನಾಲ್ಕು ಕೋಣೆ, ಅಲ್ಲಿ ಊಟದ ಮನೆ" ಎಂದು ತಮ್ಮ ತೋರಿಸುತ್ತಿದ್ದಂತೆ ಮಾವನ ಕಾಲು ಹುಲ್ಲಿನಲ್ಲಿ ಹೂತಿತು. ನೆಲ ಅಲ್ಲಿ ಜೌಗು. ಕೆಳಗೆ ಕೈಬೆರಳಿನಷ್ಟು ದಪ್ಪದ ನೀರು ಸದ್ದಿಲ್ಲದೆ ಹರಿಯುತ್ತಿತ್ತು.

"ಇದನ್ನೇನು ಮಾಡುತ್ತೀ?"

"ಕೊಳವೆ ಹಾಕಿ ಆಚೆಗೆ ತಿರುಗಿಸಬಹುದು ಅಪ್ಪಾ."

ಮಾವ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಕೆರೆಯ ಕೆಳಗಿನ ತೋಟವನ್ನು ಮಾರಿ ಕೆರೆಯ ತಲೆಯನ್ನು ಕಡಿಯುವುದಕ್ಕೆ ಬಂದಿದ್ದೇವಲ್ಲೋ" ಎಂದರು. ತಮ್ಮ ಮುಖ ತಿರುಗಿಸಿ, "ನೀವು ನೀರು ನೋಡುತ್ತೀರಿ, ನಾನು ಬ್ಯಾಂಕಿನ ಸಾಲ ನೋಡುತ್ತೇನೆ" ಎಂದ. ಅದೂ ಸುಳ್ಳಲ್ಲ. ಅವನನ್ನೂ ಗಾಡಿಯಲ್ಲಿ ಕೂರಿಸಿಕೊಂಡೆವು.

ಎರಡನೆಯ ದಿನ ಮೂಡಿಗೆರೆ. ಚಿಕ್ಕಮಗಳೂರಿನಿಂದ ಸುಮಾರು 30 ಕಿಲೋಮೀಟರು. ಅದರ ಸಮೀಪದ ಅಂಗಡಿ ಎಂಬ ಹಳ್ಳಿಯೇ ಹಳೆಯ ಸೊಸೆವೂರು. ಹುಲಿಯನ್ನು ಹೊಡೆದ ಸಳನ ಕಥೆ, ವಾಸಂತಿಕಾದೇವಿಯ ಗುಡಿ, ಪಾಳುಬಿದ್ದ ಬಸದಿಗಳು ಅಲ್ಲಿವೆ. ಹೊಯ್ಸಳರು ಈ ಮಲೆಯಿಂದ ಇಳಿದು ಯಗಚಿಯ ದಡದ ಬೇಲೂರಿಗೆ, ಅಲ್ಲಿಂದ ದೋರಸಮುದ್ರಕ್ಕೆ ನಡೆದರು. ನೀರಿನಂತೆಯೇ ರಾಜ್ಯವೂ ಬೆಟ್ಟದಲ್ಲಿ ಹುಟ್ಟಿ ಬಯಲಿಗೆ ಹರಿಯಿತು.

ಮೂಡಿಗೆರೆಯನ್ನು ದಾಟಿದರೆ ಕೊಟ್ಟಿಗೆಹಾರ. ನೀರುದೋಸೆಗೆ ಹೆಸರಾದ ಊರು. ಅಕ್ಕ ನಾಲ್ಕು ತಿಂದು, ಐದನೆಯದನ್ನು ಮಕ್ಕಳ ಹೆಸರಿನಲ್ಲಿ ತರಿಸಿದಳು. ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವವರೆಗೂ ಈ ಮೂಡಿಗೆರೆಯ ಸೀಮೆಯಲ್ಲೇ ಕಾಫಿ ಬೆಳೆಯುತ್ತ, ಹಕ್ಕಿಗಳ ಚಿತ್ರ ತೆಗೆಯುತ್ತ, ಬರೆಯುತ್ತ ಬಾಳಿದರು. ಅವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲಿದೆ. ಒಂದು ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊಕ್ಕವರ ಕಥೆಯನ್ನು 'ಕರ್ವಾಲೊ'ದಲ್ಲಿ ಓದಿದವರಿಗೆ, ಇಲ್ಲಿ ಏನನ್ನಾದರೂ ನೋಡಬೇಕಾದರೆ ಮೊದಲು ನಿಲ್ಲಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಲ್ಲಿಂದ ಚಾರ್ಮಾಡಿ ಘಟ್ಟದ ಅಂಚು. ಒಂದು ಕಡೆ ಬಿದ್ದ ನೀರು ಹೇಮಾವತಿಯಾಗಿ ನಾಡನ್ನೆಲ್ಲ ಸುತ್ತಿ ಬಂಗಾಳ ಕೊಲ್ಲಿಗೆ. ಇನ್ನೊಂದು ಕಡೆಯದು ನೇತ್ರಾವತಿಗೆ ಇಳಿದು ಮಂಗಳೂರಿನ ಬಳಿ ಅರಬ್ಬೀ ಸಮುದ್ರಕ್ಕೆ. ಇದೇ ನಾಲ್ಕನೆಯ ದಾರಿ. ಮಕ್ಕಳು ಒಂದೊಂದು ಲೋಟ ನೀರನ್ನು ಇತ್ತ ಚೆಲ್ಲಿ, ಅತ್ತ ಚೆಲ್ಲಿ, "ಇದು ಮಂಗಳೂರಿಗೆ, ಇದು ಮೈಸೂರಿಗೆ" ಎಂದು ಕೂಗಿದರು.

ಆದರೆ ಅದೇ ನೀರು ಮುನಿದದ್ದೂ ಇಲ್ಲಿಯೇ. 2019ರ ಆಗಸ್ಟಿನಲ್ಲಿ ಎಡೆಬಿಡದೆ ಸುರಿದ ಮಳೆಗೆ ಈ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಕಡೆ ಗುಡ್ಡಗಳು ಜರಿದು, ಮನೆ ತೋಟ ಗದ್ದೆಗಳು ಮಣ್ಣಿನ ಕೆಳಗಾದುವು. ಚಾರ್ಮಾಡಿಯ ರಸ್ತೆ ಅಲ್ಲಲ್ಲಿ ಕುಸಿದು ಸಂಚಾರವೇ ನಿಂತಿತು. ಇಳಿಜಾರು ತನ್ನ ಮಣ್ಣನ್ನು ಹಿಡಿದುಕೊಂಡಿರುವುದು ಬೇರಿನ ಬಲದಿಂದ ಮತ್ತು ಬುಡದ ಬಲದಿಂದ. ಬುಡವನ್ನು ಕಡಿದು, ನೀರು ಹೋಗುವ ದಾರಿಯನ್ನು ಮುಚ್ಚಿದಲ್ಲಿ ಮಣ್ಣು ಕುಡಿದ ನೀರಿನ ಭಾರಕ್ಕೆ ತಾನೇ ಜಾರುತ್ತದೆ. ಜರಿದ ಗುಡ್ಡದ ಗಾಯ ಹಸಿರಿನ ನಡುವೆ ಇನ್ನೂ ಕೆಂಪಗೆ ಕಾಣುತ್ತಿತ್ತು. ತಮ್ಮ ಅದನ್ನು ನೋಡುತ್ತ ನಿಂತ. ಮಾವ ಒಂದು ಮಾತನ್ನೂ ಆಡಲಿಲ್ಲ.

ಮೂರನೆಯ ದಿನ ಜಾವಳಿಯ ಮೇಲಿಂದ ಕಳಸ. ಹೇಮಾವತಿ ಹುಟ್ಟುವುದು ಈ ಜಾವಳಿಯಲ್ಲಿ. ಹುಟ್ಟುವಾಗ ಅವಳು ನದಿಯೆಂದು ತೋರುವುದೇ ಇಲ್ಲ. ಹಿಂದೆ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದ ಕಳಸ ಈಗ ತಾನೇ ಒಂದು ತಾಲ್ಲೂಕು. ಅಡಿಕೆ, ಮೆಣಸು, ಕಾಫಿಗಳ ನಡುವೆ, ಮೆಟ್ಟಿಲೇರಿ ಹೋದರೆ ಕಳಸೇಶ್ವರ. ಊರಿನ ಸುತ್ತ ಭದ್ರೆಯಲ್ಲಿ ಪಂಚತೀರ್ಥಗಳು. ಅವುಗಳಲ್ಲಿ ಅಂಬಾತೀರ್ಥದಲ್ಲಿ, ಮಧ್ವಾಚಾರ್ಯರು ಒಂದೇ ಕೈಯಿಂದ ತಂದಿಟ್ಟರೆಂದು ಹೇಳುವ ಹೆಬ್ಬಂಡೆಯಿದೆ. ಹೊರನಾಡಿಗೆ ಅಲ್ಲಿಂದ ಸುಮಾರು 8 ಕಿಲೋಮೀಟರು. ದಾರಿಯಲ್ಲಿ ಹೆಬ್ಬಾಳೆಯ ಸೇತುವೆ. ಎಷ್ಟೋ ಮಳೆಗಾಲಗಳಲ್ಲಿ ಭದ್ರೆ ಅದರ ಮೇಲೆಯೇ ಹರಿದು ಹೊರನಾಡಿನ ದಾರಿಯನ್ನು ಕಡಿದದ್ದುಂಟು. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟ. ಯಾವ ಊರು, ಯಾವ ಜಾತಿ ಎಂದು ಕೇಳುವವರಿಲ್ಲ. ಭಾವನವರು ಗಡಿಯಾರವನ್ನು ನೋಡದೆ ಉಂಡದ್ದು ಆ ಪ್ರವಾಸದಲ್ಲಿ ಅದೇ ಮೊದಲು.

ಕಳಸದ ಆಚೆಗೆ ಕುದುರೆಮುಖದ ಬೆಟ್ಟಗಳು. ತುಂಗಭದ್ರೆಯರಿಬ್ಬರೂ ಹುಟ್ಟುವ ಗಂಗಾಮೂಲ ಆ ಕಡೆಯೇ. ಒಂದೇ ಬೆಟ್ಟದಲ್ಲಿ ಹುಟ್ಟಿ, ಒಬ್ಬಳು ಶೃಂಗೇರಿಗೆ, ಒಬ್ಬಳು ಕಳಸಕ್ಕೆ ಎಂದು ಬೇರೆಯಾಗಿ, ಕೂಡಲಿಯಲ್ಲಿ ಮತ್ತೆ ಕೂಡುತ್ತಾರೆ. ಈ ಬೆಟ್ಟಗಳಲ್ಲಿ 1976ರಲ್ಲಿ ಸ್ಥಾಪಿತವಾದ ಸಂಸ್ಥೆಯೊಂದು ಕಬ್ಬಿಣದ ಅದಿರನ್ನು ಅಗೆಯಿತು. ಪುಡಿಮಾಡಿದ ಅದಿರು ನೀರಿನೊಡನೆ ಕೊಳವೆಯಲ್ಲಿ ಮಂಗಳೂರಿಗೆ ಹರಿಯುತ್ತಿತ್ತು. ಗಣಿಯ ಮಣ್ಣು ಭದ್ರೆಯನ್ನು ಕೆಡಿಸುತ್ತಿದೆಯೆಂದು ಜನ ವರ್ಷಗಟ್ಟಲೆ ಹೋರಾಡಿದರು. ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಕೆಲಸ ಹೋದವರ ಕಷ್ಟ ಸಣ್ಣದಲ್ಲ. ಗಣಿಯ ಊರು ಬರಿದಾಯಿತು. ಆದರೆ ಕೆಳಗೆ ಲಕ್ಕವಳ್ಳಿಯ ಅಣೆಕಟ್ಟಿನಿಂದ ಗದ್ದೆಗೆ ನೀರು ಪಡೆಯುವವರೂ, ಕುಡಿಯುವವರೂ ಇದ್ದರು. ಒಬ್ಬರ ಅನ್ನಕ್ಕೂ ಇನ್ನೊಬ್ಬರ ನೀರಿಗೂ ಜಗಳ ಬಿದ್ದಾಗ ತೀರ್ಮಾನ ಎಂದಿಗೂ ಸುಲಭವಲ್ಲ.

ಮಾವ ಭದ್ರೆಯ ದಡದಲ್ಲಿ ಕುಳಿತು, "ಇದೇ ನೀರನ್ನು ತಾನೆ ಮೇಲ್ದಂಡೆಯ ಕಾಲುವೆಯಲ್ಲಿ ನಮ್ಮ ಬಯಲಿಗೂ ಚಿತ್ರದುರ್ಗಕ್ಕೂ ತರುತ್ತೇವೆನ್ನುವುದು?" ಎಂದು ಕೇಳಿದರು. ಹೌದೆಂದೆ. ವಾಣೀವಿಲಾಸ ಸಾಗರ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲಿ. ಆ ದಿನ ಹಿರಿಯೂರಿನ ಕಡೆಯ ನೆಂಟರು ಕೋಡಿಗೆ ಬಾಗಿನ ಕೊಟ್ಟದ್ದನ್ನು ಮಾವ ನೆನೆಸಿಕೊಂಡು, ತಮ್ಮನ ಕಡೆಗೆ ತಿರುಗಿ, "ನೋಡು, ಬೇರೆ ಕಡೆಗೆ ಹೋದ ನೀರನ್ನು ಸುರಂಗ ಕೊರೆದು ತರುವುದಕ್ಕೆ ಇಷ್ಟು ಹಣ. ತಾನಾಗಿ ನಮ್ಮ ಕಡೆಗೆ ಬರುವುದನ್ನು ಉಳಿಸಿಕೊಳ್ಳುವುದಕ್ಕೆ ಹುಲ್ಲನ್ನು ತುಳಿಯದಿದ್ದರೆ ಸಾಕು" ಎಂದರು.

ತಮ್ಮ ಮುಂಗಡವನ್ನು ಇನ್ನೂ ಕೊಟ್ಟಿಲ್ಲ, ಕೊಡುವುದಿಲ್ಲವೆಂದೂ ಹೇಳಿಲ್ಲ. ಹಳೆಯ ತೋಟದ ಮನೆಯಲ್ಲೇ ಎರಡು ಕೋಣೆಗಳನ್ನು ಸರಿಮಾಡಿ, ಗಿರಿಗೆ ಹೋಗುವವರನ್ನು ಅಲ್ಲಿ ಇಳಿಸಿಕೊಂಡರೆ ಹೇಗೆ ಎಂದು ಮೊನ್ನೆ ಕಾಗದದಲ್ಲಿ ಕೇಳಿದ್ದಾನೆ. ಸಾಲ ಮಾತ್ರ ಇದ್ದಲ್ಲೇ ಇದೆ.

ವಾಚಕ ಮಹಾಶಯರೇ, ಈಗ ನಿಮ್ಮ ಪಟ್ಟಿ. ಮೊದಲ ದಿನ ಗಿರಿ, ಎರಡನೆಯ ದಿನ ಮೂಡಿಗೆರೆ ಮತ್ತು ಘಟ್ಟದ ಅಂಚು, ಮೂರನೆಯ ದಿನ ಕಳಸ ಹೊರನಾಡು. ಇದಕ್ಕಿಂತ ಹೆಚ್ಚು ಬೇಡ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹಿತವಾದ ಕಾಲ. ಬೇಸಿಗೆಯ ಮೊದಲ ಹೂಮಳೆ ಬಿದ್ದ ಒಂದು ವಾರ ಹತ್ತು ದಿನಕ್ಕೆ ಕಾಫಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಅದನ್ನು ಕಾಣುವ ಯೋಗವಿದ್ದರೆ ಇನ್ನೂ ಮೇಲು. ಮಳೆಗಾಲದಲ್ಲಿ ಹೊರಟರೆ ಉಂಬಳಕ್ಕೆ ಸುಣ್ಣ, ಹೊಳೆಗೆ ಭಯ, ಎರಡನ್ನೂ ಜೊತೆಗೆ ಒಯ್ಯಿರಿ. ಗಿರಿಗೆ ಮೊದಲೇ ಹೆಸರು ಬರೆಸಿ. ಹುಲ್ಲಿನ ಮೇಲೆ ಗಾಡಿ ಹತ್ತಿಸಬೇಡಿ. ಹೋಗುವಾಗ ಖಾಲಿ ಚೀಲವೊಂದಿರಲಿ, ಬರುವಾಗ ಅದು ತುಂಬಿರಲಿ. ಕಡೂರಿನ ಬಯಲು ದಾಟುವಾಗ ಮಾತ್ರ ದಯಮಾಡಿ ನಿದ್ದೆ ಹೋಗಬೇಡಿ. ಬೆಟ್ಟದ ಬೆಲೆ ತಿಳಿಯುವುದು ಅಲ್ಲಿ.

ಊರಿಗೆ ಮರಳಿದ ಮಾವನನ್ನು ನೆರೆಯವರು, "ಎಷ್ಟು ಜಾಗ ನೋಡಿದಿರಿ?" ಎಂದು ಕೇಳಿದರಂತೆ. "ಒಂದೇ. ನಮ್ಮ ಕೆರೆಯ ತವರುಮನೆ" ಎಂದು ಹೇಳಿ, ತಂಬಿಗೆಯ ನೀರನ್ನು ಹೊಸದಾಗಿ ನೆಟ್ಟ ಒಂದು ತೆಂಗಿನ ಸಸಿಯ ಬುಡಕ್ಕೆ ಸುರಿದರಂತೆ.